ನೆತ್ತರ ದಾರಿ ಕಿರಿದಾದಾಗ

1922ರ ಮೇ ತಿಂಗಳ ಕೊನೆಯ ವಾರ. ಮಾಸ್ಕೋ ಹೊರವಲಯದ ಗೋರ್ಕಿ ಎಂಬಲ್ಲಿನ ಬಂಗಲೆಯೊಂದರಲ್ಲಿ ಮಲಗಿದ್ದ ರೋಗಿಗೆ ವೈದ್ಯರು ಒಂದು ಸಣ್ಣ ಲೆಕ್ಕ ಕೇಳಿದರು. ಹನ್ನೆರಡೇಳಲೆ ಎಷ್ಟು? ರೋಗಿಗೆ ಆಗ ವಯಸ್ಸು 52. ಹಲವು ಯುರೋಪಿಯನ್ ಭಾಷೆಗಳನ್ನು ಓದಬಲ್ಲವರು, ಕಾನೂನು ಪದವೀಧರರು, ಸಂಪುಟಗಟ್ಟಲೆ ಬರೆದವರು, ಒಂದು ಸಾಮ್ರಾಜ್ಯವನ್ನೇ ಬುಡಮೇಲು ಮಾಡಿದವರು. ಆದರೂ ಉತ್ತರ ಹೊಳೆಯಲಿಲ್ಲ. ಪಟ್ಟು ಬಿಡದೆ ಹನ್ನೆರಡಕ್ಕೆ ಹನ್ನೆರಡು ಕೂಡಿಸುತ್ತಾ ಹೋಗಿ, ಸುಮಾರು ಮೂರು ಗಂಟೆಯ ನಂತರ ಎಂಬತ್ತನಾಲ್ಕನ್ನು ತಲುಪಿದರು. ಮಗ್ಗಿ ಮರೆತಿತ್ತು, ಕೂಡುವ ದಾರಿ ಇನ್ನೂ ಉಳಿದಿತ್ತು. ಆ ರೋಗಿ ವ್ಲಾದಿಮಿರ್ ಲೆನಿನ್.

ತೊಂದರೆ ಅಂದು ಶುರುವಾದದ್ದಲ್ಲ. ಒಂದು ವರ್ಷದಿಂದಲೂ ಅವರಿಗೆ ತಲೆನೋವು, ನಿದ್ರಾಹೀನತೆ, ಯಾವ ಕೆಲಸವೂ ಸಾಗದಂಥ ಸುಸ್ತು ಇತ್ತು. 1918ರ ಕೊಲೆಯತ್ನದಲ್ಲಿ ದೇಹ ಹೊಕ್ಕಿದ್ದ ಗುಂಡುಗಳ ಸೀಸವೇ ವಿಷವಾಗಿ ಏರುತ್ತಿದೆ ಎಂಬ ಊಹೆಯ ಮೇಲೆ 1922ರ ಏಪ್ರಿಲ್‌ನಲ್ಲಿ ಕುತ್ತಿಗೆಯ ಬಳಿಯಿದ್ದ ಒಂದು ಗುಂಡನ್ನು ತೆಗೆದರು. ಸುಮಾರು ಒಂದು ತಿಂಗಳಿಗೆ ಮೊದಲ ಪಾರ್ಶ್ವವಾಯು ಬಡಿಯಿತು. ಡಿಸೆಂಬರ್‌ನಲ್ಲಿ ಮತ್ತೆ. 1923ರ ಮಾರ್ಚ್‌ನಲ್ಲಿ ಮೂರನೆಯದು ಬಂದಾಗ ಮಾತೇ ಹೋಯಿತು. ಶಿಕ್ಷಕಿಯಾಗಿ ಅನುಭವವಿದ್ದ ಹೆಂಡತಿ ನಾದೆಜ್ದಾ ಕ್ರೂಪ್‌ಸ್ಕಾಯಾ ಮಗುವಿಗೆ ಕಲಿಸುವಂತೆ ಮಾತು ಕಲಿಸಲು ಕೂತರು. ಬಲಗೈ ಬಿದ್ದುಹೋಗಿದ್ದರಿಂದ ಎಡಗೈಯಲ್ಲಿ ಅಕ್ಷರ ತಿದ್ದಿಸಿದರು. 1924ರ ಜನವರಿ 21ರಂದು, 54 ತುಂಬುವ ಮೊದಲೇ, ಲೆನಿನ್ ತೀರಿಕೊಂಡರು. ಅವರ ತಂದೆಯೂ ಐವತ್ತನಾಲ್ಕರಲ್ಲೇ ಮೆದುಳಿನ ರಕ್ತಸ್ರಾವದಿಂದ ಹೋಗಿದ್ದರು.

ಮರುದಿನ ಅಲೆಕ್ಸೆಯ್ ಅಬ್ರಿಕೋಸೊವ್ ನೇತೃತ್ವದಲ್ಲಿ ಶವಪರೀಕ್ಷೆ ನಡೆಯಿತು. ಮೆದುಳಿಗೆ ರಕ್ತ ಒಯ್ಯುವ ಎಡಗಡೆಯ ಪ್ರಧಾನ ಧಮನಿ ತಲೆಬುರುಡೆಯೊಳಗೆ ಟೊಳ್ಳೇ ಇಲ್ಲದ ಬಿಳಿಯ ಹುರಿಯಾಗಿತ್ತು. ಅದರ ಕವಲುಗಳಲ್ಲಿ ಕೆಲವು ಸೀಳಿನಷ್ಟು ಮಾತ್ರ ತೆರೆದಿದ್ದವು. ಗೋಡೆಗಳಲ್ಲಿ ಸುಣ್ಣ ಕೂತು ಇಕ್ಕುಳ ತಾಗಿದರೆ ಕಲ್ಲಿನ ಸದ್ದು ಬರುತ್ತಿತ್ತು. ಒಂದು ವರ್ಷ ಕಾಲ ತಲೆನೋವು ಮತ್ತು ದಣಿವಿನ ರೂಪದಲ್ಲಿ ಸುಳಿವು ಕೊಡುತ್ತಿದ್ದುದಕ್ಕೆ ಕಾರಣ ಇಲ್ಲಿರಬಹುದೆಂದು ಹೇಳುವ ಉಪಕರಣ ಆಗ ಯಾರ ಬಳಿಯೂ ಇರಲಿಲ್ಲ. ಬದುಕಿರುವವರ ಮೆದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಕಾಣಿಸುವ ವಿಧಾನವನ್ನು ಪೋರ್ಚುಗಲ್ಲಿನ ಎಗಾಸ್ ಮೊನಿಜ್ ತೋರಿಸಿಕೊಟ್ಟದ್ದು 1927ರಲ್ಲಿ.

ಇನ್ನೊಬ್ಬ ರೋಗಿಯ ಕಥೆ

ಈಗ ಇನ್ನೂ ಎರಡೂವರೆ ಶತಮಾನ ಹಿಂದಕ್ಕೆ, ಇಂಗ್ಲೆಂಡಿಗೆ ಹೋಗೋಣ. ಆಕ್ಸ್‌ಫರ್ಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಮೆದುಳಿನ ರಚನೆಯ ಬಗ್ಗೆ ಒಂದು ಮಹಾಗ್ರಂಥ ಪ್ರಕಟಿಸಿದ. ಅದಕ್ಕೆ ಚಿತ್ರ ಬರೆದವರಲ್ಲಿ ಒಬ್ಬ, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯನ್ನು ಕಟ್ಟಿದ ಕ್ರಿಸ್ಟೋಫರ್ ರೆನ್. ಆ ಗ್ರಂಥದಲ್ಲಿ ವಿಲ್ಲಿಸ್ ಒಂದು ಶವಪರೀಕ್ಷೆಯ ವಿವರ ಕೊಡುತ್ತಾನೆ. ಸತ್ತಿದ್ದವನಿಗೆ ಹೊಟ್ಟೆಯಲ್ಲಿ ದೊಡ್ಡ ಗಡ್ಡೆಯಿತ್ತು. ಆದರೆ ತಲೆಯನ್ನು ತೆರೆದಾಗ ಬಲಗಡೆಯ ಪ್ರಧಾನ ಧಮನಿ ಕಲ್ಲಿನಂತಾಗಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಗಿತ್ತು. ಇಷ್ಟಾದರೂ ಆ ಮನುಷ್ಯನಿಗೆ ಪಾರ್ಶ್ವವಾಯು ಬಡಿದಿರಲಿಲ್ಲ. ಕೊನೆಯ ದಿನಗಳವರೆಗೂ ಬುದ್ಧಿ ಸ್ವಚ್ಛವಾಗಿತ್ತು. ವಿಲ್ಲಿಸ್ ಇನ್ನಷ್ಟು ಹುಡುಕಿದ. ಅದೇ ಬದಿಯಲ್ಲಿ ಬೆನ್ನುಮೂಳೆಯ ಪಕ್ಕದಿಂದ ಏರಿಬರುವ ಧಮನಿ ಎಂದಿನದಕ್ಕಿಂತ ಮೂರು ಪಟ್ಟು ಹಿಗ್ಗಿತ್ತು. ಒಂದು ದಾರಿ ಮುಚ್ಚಿದಾಗ ದೇಹ ಇನ್ನೊಂದನ್ನು ಅಗಲ ಮಾಡಿತ್ತು.

ಇಬ್ಬರಲ್ಲೂ ಒಂದು ಬದಿಯ ಪ್ರಧಾನ ಧಮನಿ ಮುಚ್ಚಿತ್ತು. ಒಬ್ಬನ ಬುದ್ಧಿ ಉಳಿಯಿತು, ಇನ್ನೊಬ್ಬರದು ಹೋಯಿತು. ಏಕೆ? ಕಿರಿದಾದ ಧಮನಿ ಮತ್ತು ಮಂದವಾಗುವ ಬುದ್ಧಿಯ ನಡುವಿನ ನಂಟನ್ನು ಅರಿಯಬೇಕಾದರೆ ಈ ಪ್ರಶ್ನೆಯನ್ನೇ ಹಿಡಿದು ಹೊರಡಬೇಕು.

ಹಸಿವು ದೊಡ್ಡದು, ಉಗ್ರಾಣ ಇಲ್ಲ

ನಮ್ಮ ಮೆದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ, ಅಂದರೆ ದೇಹತೂಕದ ಶೇ. 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟು ಇದೊಂದಕ್ಕೇ ಬೇಕು. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ ಇಲ್ಲಿಗೆ ಹರಿದುಬರುತ್ತದೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಸಕ್ಕರೆಯ ದಾಸ್ತಾನು ಇರುತ್ತದೆ; ಮೆದುಳಿನಲ್ಲಿ ಹೇಳಿಕೊಳ್ಳುವಂಥ ದಾಸ್ತಾನು ಇಲ್ಲ. ಈ ಕ್ಷಣದ ಯೋಚನೆಗೆ ಈ ಕ್ಷಣದ ರಕ್ತವೇ ಬೇಕು.

ಆ ರಕ್ತವನ್ನು ತರುವುದು ನಾಲ್ಕು ಧಮನಿಗಳು. ಕತ್ತಿನ ಮುಂಭಾಗದ ಎರಡು ಬದಿಯಲ್ಲಿ, ಬೆರಳಿಟ್ಟರೆ ನಾಡಿ ಸಿಗುವಲ್ಲಿ, ಎರಡು ಕೆರೋಟಿಡ್ ಧಮನಿಗಳು. ಹಿಂಭಾಗದಲ್ಲಿ ಕತ್ತಿನ ಮೂಳೆಗಳ ರಂಧ್ರಗಳ ಮೂಲಕ ಏರುವ ಎರಡು ವರ್ಟಿಬ್ರಲ್ ಧಮನಿಗಳು. ಇವು ಮೆದುಳಿನ ತಳದಲ್ಲಿ ಕೈಕೈ ಹಿಡಿದು ಒಂದು ಬಳೆಯಾಗುತ್ತವೆ. ಅದಕ್ಕೆ ವಿಲ್ಲಿಸನ ಹೆಸರೇ ಉಳಿದಿದೆ. ಒಂದು ಬದಿಯ ರಕ್ತ ಕಡಿಮೆಯಾದರೆ ಇನ್ನೊಂದು ಬದಿಯದು ಈ ಬಳೆಯ ಮೂಲಕ ಹಾದು ಕೊರತೆ ತುಂಬುತ್ತದೆ. ಆದರೆ ಪಠ್ಯಪುಸ್ತಕದ ಚಿತ್ರದಲ್ಲಿರುವಂತೆ ಪೂರ್ಣವಾದ ಬಳೆ ಎಲ್ಲರಿಗೂ ಇರುವುದಿಲ್ಲ. ಬಹಳಷ್ಟು ಜನರಲ್ಲಿ ಅದರ ಒಂದಲ್ಲ ಒಂದು ಕೊಂಡಿ ಎಳೆಯಷ್ಟು ತೆಳ್ಳಗಿರುತ್ತದೆ ಅಥವಾ ಇರುವುದೇ ಇಲ್ಲ. ವಿಲ್ಲಿಸನ ರೋಗಿ ಈ ವಿಷಯದಲ್ಲಿ ಪುಣ್ಯವಂತ. ಅವನ ಧಮನಿ ನಿಧಾನವಾಗಿ ಮುಚ್ಚಿತು, ಬದಲಿ ದಾರಿ ಅಗಲವಾಗಲು ಸಮಯ ಸಿಕ್ಕಿತು. ಲೆನಿನ್ ಅವರ ಬದಲಿ ದಾರಿಗಳೂ ಕಾಯಿಲೆಗೆ ಸಿಕ್ಕಿದ್ದವು.

ಧಮನಿ ಕಿರಿದಾಗುವುದು ಅದರ ಒಳಗೋಡೆಗೆ ಆಗುವ ಹಾನಿಯಿಂದ. ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಆ ಗೋಡೆಯ ನಯವಾದ ಪದರವನ್ನು ಘಾಸಿಗೊಳಿಸುತ್ತವೆ. ಕೆಟ್ಟ ಕೊಲೆಸ್ಟರಾಲ್ ಗೋಡೆಯೊಳಗೆ ಇಳಿಯುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಸತ್ತು ಕೊಬ್ಬಿನ ಮುದ್ದೆಯಾಗುತ್ತವೆ. ವರ್ಷಗಳು ಉರುಳಿದಂತೆ ಅದರ ಮೇಲೆ ನಾರಿನ ಹೊದಿಕೆ, ನಡುವೆ ಸುಣ್ಣ. ಯುರೋಪ್ ಮೂಲದ ಜನರಲ್ಲಿ ಇದು ಹೆಚ್ಚಾಗಿ ಕತ್ತಿನಲ್ಲಿ, ಕೆರೋಟಿಡ್ ಕವಲೊಡೆಯುವ ಜಾಗದಲ್ಲಿ ಕಾಣುತ್ತದೆ. ಏಷ್ಯಾದವರಲ್ಲಿ ತಲೆಬುರುಡೆಯ ಒಳಗಿನ ಧಮನಿಗಳೇ ಕಿರಿದಾಗುವುದು ಹೆಚ್ಚು. ಚೀನಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಪಾರ್ಶ್ವವಾಯು ಪೀಡಿತರ ಪೈಕಿ ಸುಮಾರು ಶೇ. 46 ಜನರಿಗೆ ತಲೆಯೊಳಗಿನ ಧಮನಿ ಕಿರಿದಾಗಿತ್ತು. ಹಾಗಾಗಿ ಇದು ನಮ್ಮ ಭಾಗದ ಜಗತ್ತಿನದೇ ಸಮಸ್ಯೆ.

ಕಾಲುವೆಯ ಕೊನೆಯ ಹೊಲ

ಧಮನಿ ಅರ್ಧ ಕಿರಿದಾದ ಕೂಡಲೇ ಮೆದುಳಿಗೆ ರಕ್ತ ಅರ್ಧವಾಗುವುದಿಲ್ಲ. ಮೆದುಳಿಗೆ ತನ್ನದೇ ಕಾವಲು ವ್ಯವಸ್ಥೆ ಇದೆ. ಮೇಲಿನಿಂದ ಬರುವ ಒತ್ತಡ ಕುಗ್ಗಿತೆಂದರೆ ಕೆಳಗಿನ ಸಣ್ಣ ನಾಳಗಳು ಹಿಗ್ಗಿ, ಅಡ್ಡಿ ಕಡಿಮೆ ಮಾಡಿ, ಹರಿವನ್ನು ಮೊದಲಿನಷ್ಟೇ ಇಟ್ಟುಕೊಳ್ಳುತ್ತವೆ. ಇದು ಮೊದಲ ಹಂತ. ಈ ಹಂತದಲ್ಲಿ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಉಳಿತಾಯದ ಹಣ ಕರಗುತ್ತಿರುತ್ತದೆ, ಏಕೆಂದರೆ ನಾಳಗಳು ಒಂದು ಮಿತಿಗಿಂತ ಹೆಚ್ಚು ಹಿಗ್ಗಲಾರವು. ಆ ಮಿತಿ ದಾಟಿದ ಮೇಲೆ ಎರಡನೆಯ ಹಂತ. ಈಗ ಹರಿವು ನಿಜಕ್ಕೂ ಇಳಿಯುತ್ತದೆ. ಸಾಮಾನ್ಯವಾಗಿ ಹಾದುಹೋಗುವ ರಕ್ತದಿಂದ ಮೂರನೇ ಒಂದು ಭಾಗದಷ್ಟು ಆಮ್ಲಜನಕವನ್ನು ಮಾತ್ರ ಪಡೆಯುತ್ತಿದ್ದ ಜೀವಕೋಶಗಳು, ಈಗ ಸಿಕ್ಕಷ್ಟು ರಕ್ತದಿಂದಲೇ ಅದರ ದುಪ್ಪಟ್ಟು ಹೀರಿಕೊಂಡು ದಿನ ದೂಡುತ್ತವೆ.

ಅಂಕಿಗಳಲ್ಲಿ ಹೇಳುವುದಾದರೆ, ಆರೋಗ್ಯವಂತ ಮೆದುಳಿನ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಸಿಗುತ್ತದೆ. ಇದು 20ರ ಆಸುಪಾಸಿಗೆ ಇಳಿದರೆ ನರಕೋಶಗಳು ವಿದ್ಯುತ್ ಸಂಕೇತ ಕಳಿಸುವುದನ್ನು ನಿಲ್ಲಿಸುತ್ತವೆ. 10ರ ಕೆಳಗಿಳಿದರೆ ಸಾಯತೊಡಗುತ್ತವೆ. ಪಾರ್ಶ್ವವಾಯು ನಡೆಯುವುದು ಈ ಕೊನೆಯ ಅಂಚಿನಲ್ಲಿ. 50ಕ್ಕೂ 20ಕ್ಕೂ ನಡುವೆ ಒಂದು ವಿಶಾಲವಾದ ಪ್ರದೇಶವಿದೆಯಲ್ಲ, ಈ ಅಧ್ಯಾಯದ ಕಥೆ ನಡೆಯುವುದು ಅಲ್ಲಿ. ಜೀವಕೋಶ ಸತ್ತಿಲ್ಲ, ಕೈಕಾಲು ಬಿದ್ದಿಲ್ಲ, ಆದರೆ ಕೆಲಸ ಮೊದಲಿನಂತೆ ಸಾಗುತ್ತಿಲ್ಲ.

ಈ ಕೊರತೆಯ ಹೊಡೆತ ಮೆದುಳಿನ ಎಲ್ಲ ಭಾಗಕ್ಕೂ ಒಂದೇ ಸಮನಾಗಿ ಬೀಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆಯಿರಿ. ಜಲಾಶಯದಲ್ಲಿ ನೀರು ತುಸು ಕಡಿಮೆಯಾದರೂ ಮೇಲ್ಭಾಗದ ಗದ್ದೆಗಳು ಹಸಿರಾಗೇ ಇರುತ್ತವೆ. ಒಣಗುವುದು ಕೊನೆಯ ಭಾಗದ ರೈತನ ಹೊಲ. ಮೆದುಳಿನಲ್ಲೂ ಹೀಗೆ ಕೊನೆಯ ಭಾಗಗಳಿವೆ. ಒಂದು ಧಮನಿಯ ವ್ಯಾಪ್ತಿ ಮುಗಿದು ಇನ್ನೊಂದರದು ಶುರುವಾಗುವ ಗಡಿಸೀಮೆ ಒಂದು. ಮೆದುಳಿನ ಆಳದಲ್ಲಿ, ಉದ್ದನೆಯ ಕೂದಲೆಳೆಯಂಥ ನಾಳಗಳ ತುದಿಯಲ್ಲಿ ಇರುವ ಶ್ವೇತದ್ರವ್ಯ ಇನ್ನೊಂದು. ಶ್ವೇತದ್ರವ್ಯವೆಂದರೆ ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳ ಕಟ್ಟು. ಆ ತಂತುಗಳಿಗೆ ಕೊಬ್ಬಿನ ಕವಚ ಹೊದಿಸುವ ಕೋಶಗಳು ಆಮ್ಲಜನಕದ ಕೊರತೆಯನ್ನು ಸ್ವಲ್ಪವೂ ತಾಳಲಾರವು. ಕವಚ ಸವೆದರೆ ಸಂಕೇತದ ವೇಗ ಕುಸಿಯುತ್ತದೆ. ಜ್ಞಾನ ಅಲ್ಲೇ ಇದೆ, ಒಂದೆಡೆಯಿಂದ ಇನ್ನೊಂದೆಡೆಗೆ ತಲುಪುವುದು ತಡವಾಗುತ್ತದೆ.

ಹಾನಿಗೆ ಇನ್ನೊಂದು ದಾರಿಯೂ ಇದೆ. ಧಮನಿಯೊಳಗಿನ ಒರಟು ಗಡ್ಡೆಯಿಂದ ಸಣ್ಣ ಸಣ್ಣ ಚೂರುಗಳು, ಅದರ ಮೇಲೆ ಹೆಪ್ಪುಗಟ್ಟಿದ ರಕ್ತದ ಕಣಗಳು ಕಳಚಿ ಮೇಲಕ್ಕೆ ಹೋಗಿ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಜೋಳದ ಕಾಳಿನಷ್ಟು ಜಾಗ ಸಾಯುತ್ತದೆ. ಮಾತು ತೊದಲುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ. ಎಂಆರ್‌ಐ ತೆಗೆದಾಗ ಮಾತ್ರ ಗುರುತು ಕಾಣುತ್ತದೆ. ವೈದ್ಯರು ಇದನ್ನು ಮೌನ ಸ್ಟ್ರೋಕ್ ಎನ್ನುತ್ತಾರೆ. ನೆದರ್ಲೆಂಡ್ಸಿನ ರೋಟರ್‌ಡ್ಯಾಮ್ ನಗರದಲ್ಲಿ ವೃದ್ಧರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ತೋರಿಸಿದ್ದೇನೆಂದರೆ, ಇಂಥ ಮೌನ ಗುರುತುಗಳಿದ್ದವರಿಗೆ ಮುಂದೆ ಡಿಮೆನ್ಷಿಯಾ, ಅಂದರೆ ಮುಪ್ಪಿನ ಬುದ್ಧಿಮಾಂದ್ಯ, ಬರುವ ಸಾಧ್ಯತೆ ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ರೋಗಿಗೆ ಕೇಳಿಸದಿದ್ದರೂ ಮೆದುಳಿನ ಲೆಕ್ಕದಲ್ಲಿ ಅವು ಮೌನವಲ್ಲ.

ಮೊದಲು ಹೋಗುವುದು ನೆನಪಲ್ಲ

ಬುದ್ಧಿ ಕುಂದುವುದೆಂದರೆ ಮರೆವು ಎಂದೇ ನಾವು ತಿಳಿದಿದ್ದೇವೆ. ಅಲ್ಜೈಮರ್ ಕಾಯಿಲೆಯಲ್ಲಿ ಅದು ಬಹುಮಟ್ಟಿಗೆ ನಿಜ. ಬೆಳಿಗ್ಗೆ ಯಾರು ಬಂದಿದ್ದರೆಂಬುದು ಮಧ್ಯಾಹ್ನಕ್ಕೆ ಅಳಿಸಿಹೋಗುತ್ತದೆ. ಧಮನಿ ಕಿರಿದಾದವರ ತೊಂದರೆ ಬೇರೆ ಬಾಗಿಲಿನಿಂದ ಬರುತ್ತದೆ. ಮೊದಲು ಕುಸಿಯುವುದು ವೇಗ, ಗಮನ, ಯೋಜನೆ.

ನಲವತ್ತು ವರ್ಷ ಹಬ್ಬದ ಅಡುಗೆ ಮಾಡಿದ ತಾಯಿ ಈ ಸಲ ಯುಗಾದಿಯಂದು ಬೇಳೆ ಬೇಯಲು ಇಟ್ಟು, ಕಣಕ ಕಲಸುವುದನ್ನು ಬಿಟ್ಟು, ಪಲ್ಯದ ಮುಂದೆ ನಿಂತುಬಿಡುತ್ತಾರೆ. ಹೋಳಿಗೆ ಮಾಡುವುದು ಮರೆತಿಲ್ಲ. ಯಾವುದರ ನಂತರ ಯಾವುದು ಎಂಬ ಸರಣಿ ಕೈತಪ್ಪಿದೆ. ಸೊಸೈಟಿಯ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ತಂದೆ ಬ್ಯಾಂಕಿನ ಚಲನ್ ತುಂಬಲು ಒದ್ದಾಡುತ್ತಾರೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎಳೆ ಹಿಡಿಯಲಾಗುವುದಿಲ್ಲ. ಹೆಸರು ನೆನಪಾಗುವುದಿಲ್ಲ, ಆದರೆ ಮೊದಲಕ್ಷರದ ಸುಳಿವು ಕೊಟ್ಟರೆ ಥಟ್ಟನೆ ಬರುತ್ತದೆ. ಜೊತೆಗೆ ಒಂದು ಬಗೆಯ ನಿರಾಸಕ್ತಿ: ಪೇಪರ್ ಓದುವುದನ್ನು ಬಿಡುತ್ತಾರೆ, ನೆಂಟರ ಮನೆಗೆ ಹೋಗಲು ಮನಸ್ಸಿಲ್ಲ, ಸಣ್ಣದಕ್ಕೂ ಕಣ್ಣೀರು. ಮನೆಯವರು ಇದನ್ನು ಸೋಮಾರಿತನವೆಂದೋ ಹಟವೆಂದೋ ತಿಳಿಯುತ್ತಾರೆ. ಹಿರಿಯರು ಅರವತ್ತಕ್ಕೆ ಅರಳುಮರಳು ಎಂದು ಸಮಾಧಾನ ಹೇಳುತ್ತಾರೆ. ಆ ಸಮಾಧಾನವೇ ಚಿಕಿತ್ಸೆಯ ಒಳ್ಳೆಯ ವರ್ಷಗಳನ್ನು ನುಂಗಿಬಿಡುತ್ತದೆ.

ಪರೀಕ್ಷೆಯಲ್ಲೂ ಇದು ತಪ್ಪಿಸಿಕೊಳ್ಳಬಹುದು. 1975ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ 30 ಅಂಕಗಳ ಕಿರುಪರೀಕ್ಷೆ ಎಂಎಂಎಸ್‌ಇ, ಇಂದು ಯಾವ ದಿನ, ಇದು ಯಾವ ಊರು, ಮೂರು ಪದ ನೆನಪಿಡಿ ಎಂಬಂಥ ಪ್ರಶ್ನೆಗಳಿಗೆ ಒತ್ತು ಕೊಡುತ್ತದೆ. ಧಮನಿ ಕಿರಿದಾದವರು ಅದರಲ್ಲಿ ಪಾಸಾಗಿಬಿಡಬಹುದು. 2005ರಲ್ಲಿ ಮಾಂಟ್ರಿಯಲ್‌ನ ಜಿಯಾದ್ ನಸ್ರೆದ್ದೀನ್ ಮತ್ತು ಸಂಗಡಿಗರು ಪ್ರಕಟಿಸಿದ ಮೊಕಾ ಪರೀಕ್ಷೆ ಅಂಕಿ ಮತ್ತು ಅಕ್ಷರಗಳನ್ನು ಒಂದಾದ ಮೇಲೊಂದು ಪರ್ಯಾಯವಾಗಿ ಜೋಡಿಸಿ, ಗಡಿಯಾರ ಬರೆದು ಮುಳ್ಳು ಇಡಿ, ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿ ಎಂದು ಕೇಳುತ್ತದೆ. ಯೋಜನೆ ಮತ್ತು ವೇಗದ ಲೋಪ ಇಲ್ಲಿ ಸಿಕ್ಕಿಬೀಳುತ್ತದೆ. ಹತ್ತು ನಿಮಿಷದ ಕೆಲಸ.

ಎಡಗತ್ತಿನ ಸಾಕ್ಷ್ಯ

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಧಮನಿ ಕಿರಿದಾದವರಿಗೆ ಸಾಮಾನ್ಯವಾಗಿ ಬಿಪಿ, ಶುಗರ್, ಧೂಮಪಾನ ಎಲ್ಲವೂ ಇರುತ್ತವೆ. ಬುದ್ಧಿಯನ್ನು ಕೆಡಿಸಿದ್ದು ಅವೇ ಇರಬಹುದಲ್ಲ? ಕಿರಿದಾದ ಧಮನಿ ಬರೀ ಜೊತೆಗಾರ ಇರಬಹುದಲ್ಲ?

ಧಮನಿಯ ಮೇಲೆ ಅನುಮಾನ ಹಳೆಯದು. ಕೆನಡಾದ ನರವೈದ್ಯ ಮಿಲ್ಲರ್ ಫಿಶರ್ 1951ರಲ್ಲಿ ಕತ್ತಿನ ಕೆರೋಟಿಡ್ ಮುಚ್ಚುವುದೇ ಎಷ್ಟೋ ಪಾರ್ಶ್ವವಾಯುಗಳಿಗೆ ಕಾರಣವೆಂದು ತೋರಿಸಿದರು. ಮುಪ್ಪಿನ ಬುದ್ಧಿಮಾಂದ್ಯಕ್ಕೂ ಇದಕ್ಕೂ ನಂಟಿದೆಯೇ ಎಂದು ಆಗಲೇ ಕೇಳಿದರು. ಆದರೆ ಆಕ್ಷೇಪಕ್ಕೆ ಸೊಗಸಾದ ಉತ್ತರ ಸಿಕ್ಕಿದ್ದು 2004ರಲ್ಲಿ. ಅಮೆರಿಕದಲ್ಲಿ 4006 ಮಂದಿ ಬಲಗೈ ಬಳಸುವ ವೃದ್ಧರನ್ನು ಪರಿಶೀಲಿಸಿದರು. ಯಾರಿಗೂ ಅದುವರೆಗೆ ಪಾರ್ಶ್ವವಾಯು ಆಗಿರಲಿಲ್ಲ. ಎಡ ಮತ್ತು ಬಲ ಕೆರೋಟಿಡ್‌ಗಳ ಸ್ಥಿತಿಯನ್ನು ಬೇರೆಬೇರೆಯಾಗಿ ಅಳೆದರು. ಎಡ ಮೆದುಳು ಮಾತು, ಲೆಕ್ಕಗಳ ನೆಲೆ. ಬುದ್ಧಿಪರೀಕ್ಷೆಗಳು ಹೆಚ್ಚಾಗಿ ಅಳೆಯುವುದೂ ಅದನ್ನೇ. ಬಿಪಿ, ಶುಗರ್ ಮಾತ್ರವೇ ತಪ್ಪಿತಸ್ಥರಾಗಿದ್ದರೆ ಎಡ ಧಮನಿ ಕಿರಿದಾದರೂ ಬಲ ಧಮನಿ ಕಿರಿದಾದರೂ ಅಂಕಗಳ ಮೇಲೆ ಒಂದೇ ಪರಿಣಾಮ ಕಾಣಬೇಕಿತ್ತು. ಹಾಗಾಗಲಿಲ್ಲ. ಎಡ ಕೆರೋಟಿಡ್ ತೀವ್ರವಾಗಿ ಕಿರಿದಾದವರಲ್ಲಿ ಬುದ್ಧಿಯ ಕುಸಿತ ಎದ್ದು ಕಂಡಿತು. ಧಮನಿ ಸಾಕ್ಷಿಯಷ್ಟೇ ಅಲ್ಲ, ಆರೋಪಿಯೂ ಹೌದು.

ಅಲ್ಜೈಮರ್ ಬೇರೆ, ರಕ್ತನಾಳದ ಕಾಯಿಲೆ ಬೇರೆ ಎಂಬ ಗೋಡೆಯೂ ಈಗ ಬಿದ್ದಿದೆ. ಅಮೆರಿಕದ ಕ್ಯಾಥೊಲಿಕ್ ಸನ್ಯಾಸಿನಿಯರು ತಮ್ಮ ಮೆದುಳನ್ನು ಮರಣಾನಂತರ ದಾನ ಮಾಡಿದ ಪ್ರಸಿದ್ಧ ಅಧ್ಯಯನದಿಂದ ಡೇವಿಡ್ ಸ್ನೋಡನ್ 1997ರಲ್ಲಿ ಒಂದು ಬೆರಗಿನ ಸಂಗತಿ ಹೊರತಂದರು. ಮೆದುಳಿನಲ್ಲಿ ಅಲ್ಜೈಮರ್‌ನ ಗುರುತುಗಳು ಅಷ್ಟೇ ಇದ್ದರೂ, ಆಳದ ಭಾಗಗಳಲ್ಲಿ ಒಂದೆರಡು ಪುಟ್ಟ ರಕ್ತನಾಳದ ಗಾಯಗಳೂ ಇದ್ದ ಸನ್ಯಾಸಿನಿಯರಲ್ಲಿ ಡಿಮೆನ್ಷಿಯಾ ಕಾಣಿಸಿಕೊಳ್ಳುವ ಸಂಭವ ಹಲವು ಪಟ್ಟು ಹೆಚ್ಚಿತ್ತು. ಎರಡು ಕಾಯಿಲೆಗಳು ಒಂದೇ ಮೆದುಳಿನಲ್ಲಿ ಕೂತು ಒಂದರ ಭಾರವನ್ನು ಇನ್ನೊಂದು ಹೆಚ್ಚಿಸುತ್ತವೆ. ಇದರಲ್ಲೇ ಭರವಸೆಯೂ ಇದೆ: ಅಲ್ಜೈಮರ್ ತಡೆಯುವ ಮದ್ದು ಕೈಗೆ ಸಿಗದಿದ್ದರೂ ರಕ್ತನಾಳದ ಗಾಯವನ್ನು ತಡೆಯುವುದು ನಮ್ಮ ಕೈಲಿದೆ.

ನಾಳ ತೆರೆದರೆ ಬುದ್ಧಿ ಮರಳುತ್ತದೆಯೇ?

ರೋಗಿಯ ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. ಹೃದಯಕ್ಕೆ ಹಾಕುವಂತೆ ತಲೆಗೂ ಸ್ಟೆಂಟ್ ಹಾಕಿಸಬಹುದಲ್ಲ?

ಕತ್ತಿನ ಧಮನಿಯ ಮಟ್ಟಿಗೆ ಪಾರ್ಶ್ವವಾಯು ತಡೆಯಲು ಶಸ್ತ್ರಚಿಕಿತ್ಸೆ ನಿಜಕ್ಕೂ ದೊಡ್ಡ ಅಸ್ತ್ರ. ಉತ್ತರ ಅಮೆರಿಕದಲ್ಲಿ ನಡೆದ ನ್ಯಾಸೆಟ್ ಪ್ರಯೋಗ 1991ರಲ್ಲಿ ಅದನ್ನು ಸ್ಥಾಪಿಸಿತು. ಈಗಾಗಲೇ ಲಕ್ಷಣ ತೋರಿಸಿದ್ದ, ಧಮನಿ ಶೇ. 70ರಿಂದ 99ರಷ್ಟು ಕಿರಿದಾಗಿದ್ದ ರೋಗಿಗಳಲ್ಲಿ, ಎರಡು ವರ್ಷಗಳೊಳಗೆ ಅದೇ ಬದಿಯ ಪಾರ್ಶ್ವವಾಯು ಬರಿಯ ಔಷಧದಲ್ಲಿದ್ದವರ ಪೈಕಿ ಶೇ. 26 ಜನರನ್ನು ಬಡಿಯಿತು. ಧಮನಿ ತೆರೆದು ಶುಚಿ ಮಾಡಿಸಿಕೊಂಡವರಲ್ಲಿ ಶೇ. 9 ಜನರನ್ನು ಮಾತ್ರ. ತಲೆಯೊಳಗಿನ ಧಮನಿಗೆ ಬಂದಾಗ ಕಥೆ ತಿರುಗುಮುರುಗಾಯಿತು. ಸ್ಯಾಂಪ್ರಿಸ್ ಎಂಬ ಪ್ರಯೋಗದಲ್ಲಿ 451 ರೋಗಿಗಳ ಪೈಕಿ ಅರ್ಧ ಜನರಿಗೆ ಬಿಗಿಯಾದ ಔಷಧೋಪಚಾರ, ಉಳಿದರ್ಧಕ್ಕೆ ಅದರ ಜೊತೆ ಸ್ಟೆಂಟ್. 2011ರಲ್ಲಿ ಬಂದ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ಮೊದಲ 30 ದಿನಗಳಲ್ಲಿ ಪಾರ್ಶ್ವವಾಯು ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ. 14.7, ಔಷಧದ ಗುಂಪಿನಲ್ಲಿ ಶೇ. 5.8. ತಲೆಯೊಳಗಿನ ಧಮನಿಗಳು ತೆಳು, ಅವುಗಳಿಂದ ಹೊರಡುವ ಕೂದಲೆಳೆ ಕವಲುಗಳು ಸ್ಟೆಂಟಿನ ಒತ್ತಡಕ್ಕೆ ಮುಚ್ಚಿಹೋಗಬಲ್ಲವು. ಇಂದಿಗೂ ಅಲ್ಲಿ ಮೊದಲ ಚಿಕಿತ್ಸೆ ಔಷಧವೇ.

ಇವೆಲ್ಲ ಪಾರ್ಶ್ವವಾಯುವಿನ ಲೆಕ್ಕ. ಬುದ್ಧಿಯ ಲೆಕ್ಕ? ಕೆರೋಟಿಡ್ ಪೂರ್ತಿ ಮುಚ್ಚಿದ ರೋಗಿಗಳಿಗೆ ನೆತ್ತಿಯ ಹೊರಗಿನ ಧಮನಿಯನ್ನು ಒಳಗಿನದಕ್ಕೆ ಹೊಲಿದು ಬೈಪಾಸ್ ಮಾಡಿದ ಪ್ರಯೋಗವೊಂದರಲ್ಲಿ ಬುದ್ಧಿಶಕ್ತಿಯನ್ನೂ ಎರಡು ವರ್ಷ ಅಳೆದರು. 2014ರಲ್ಲಿ ಫಲಿತಾಂಶ ಬಂತು. ಔಷಧ ಮಾತ್ರ ಪಡೆದವರಿಗಿಂತ ಬೈಪಾಸ್ ಆದವರ ಬುದ್ಧಿ ಹೆಚ್ಚು ಸುಧಾರಿಸಿರಲಿಲ್ಲ. ಕತ್ತಿನ ಧಮನಿ ತೆರೆದ ಮೇಲೆ ಕೆಲವು ಅಧ್ಯಯನಗಳಲ್ಲಿ ಗಮನ, ವೇಗ ಸುಧಾರಿಸಿವೆ. ಇನ್ನು ಕೆಲವುಗಳಲ್ಲಿ ವ್ಯತ್ಯಾಸವಿಲ್ಲ. ಕಾರಣ ಊಹಿಸಬಹುದು. ಹಸಿದು ಸುಮ್ಮನಾದ ನರಕೋಶ ರಕ್ತ ಬಂದರೆ ಎದ್ದೀತು. ಸತ್ತ ಕೋಶ, ಸವೆದುಹೋದ ತಂತು ಏಳುವುದಿಲ್ಲ. ಆದ್ದರಿಂದ ಬುದ್ಧಿಯನ್ನು ಮರಳಿಸುವ ಆಸೆಯಿಂದಷ್ಟೇ ಧಮನಿ ತೆರೆಸಲು ಓಡುವುದು ಇಂದಿನ ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಪಾರ್ಶ್ವವಾಯು ತಡೆಯಲು ಬೇಕೇ ಬೇಡವೇ ಎಂಬುದನ್ನು ನರವೈದ್ಯರ ಜೊತೆ ಕೂತು ತೀರ್ಮಾನಿಸಬೇಕು.

ಹಾಗಾದರೆ ಬುದ್ಧಿಯನ್ನು ಕಾಯುವುದು ಯಾವುದು? ಉತ್ತರ ಹಳೆಯದೆನ್ನಿಸುತ್ತದೆ, ಆದರೆ ಅದರ ಹಿಂದೆ ಈಗ ಗಟ್ಟಿ ಪುರಾವೆಯಿದೆ. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 50 ದಾಟಿದ 9361 ಮಂದಿ ಬಿಪಿ ರೋಗಿಗಳಲ್ಲಿ ಒಂದು ಗುಂಪಿಗೆ ಮೇಲಿನ ಅಂಕಿಯನ್ನು 140ಕ್ಕಿಂತ, ಇನ್ನೊಂದಕ್ಕೆ 120ಕ್ಕಿಂತ ಕೆಳಗಿಡುವ ಗುರಿ ಕೊಟ್ಟರು. 2019ರ ವರದಿಯಂತೆ, ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಡಿಮೆನ್ಷಿಯಾದ ಹಿಂದಿನ ಮೆಟ್ಟಿಲಾದ ಸೌಮ್ಯ ಬುದ್ಧಿಕುಸಿತ ಶೇ. 19ರಷ್ಟು ಕಡಿಮೆಯಾಯಿತು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1260 ಜನರ ಪೈಕಿ ಸುಮಾರು ಅರ್ಧ ಮಂದಿಗೆ ಎರಡು ವರ್ಷ ಒಳ್ಳೆಯ ಆಹಾರ, ವ್ಯಾಯಾಮ, ಬುದ್ಧಿಗೆ ಕಸರತ್ತು, ಬಿಪಿ ಮತ್ತು ಶುಗರ್ ಮೇಲೆ ನಿಗಾ, ಎಲ್ಲವನ್ನೂ ಒಟ್ಟಿಗೆ ಕೊಟ್ಟ ಫಿಂಗರ್ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಅಲ್ಲಿ ಲಾಭ ಎದ್ದು ಕಂಡದ್ದು ಯೋಚನೆಯ ವೇಗ ಮತ್ತು ಯೋಜನಾ ಸಾಮರ್ಥ್ಯದಲ್ಲಿ, ಅಂದರೆ ಕಿರಿದಾದ ಧಮನಿ ಮೊದಲು ಕದಿಯುವ ಸಾಮರ್ಥ್ಯಗಳಲ್ಲೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಧಮನಿ ಈಗಾಗಲೇ ತೀವ್ರವಾಗಿ ಕಿರಿದಾದವರಲ್ಲಿ ಬಿಪಿಯನ್ನು ಒಮ್ಮೆಲೇ ಕೆಳಗಿಳಿಸಿದರೆ ಕೊನೆಯ ಭಾಗಕ್ಕೆ ರಕ್ತ ತಲುಪದೇ ಹೋಗಬಹುದು. ಗುರಿಯನ್ನೂ ಅದನ್ನು ತಲುಪುವ ನಡಿಗೆಯನ್ನೂ ವೈದ್ಯರೇ ನಿಗದಿ ಮಾಡಬೇಕು. ಮಾತ್ರೆಯನ್ನು ತಾನಾಗಿ ಹೆಚ್ಚಿಸುವುದೂ ಬೇಡ, ನಿಲ್ಲಿಸುವುದೂ ಬೇಡ.

ನಮ್ಮ ನೆಲದ ಕೆಲಸ

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಇವರನ್ನು ಗುರುತಿಸಬೇಕಾದರೆ ಮೊದಲು ಅವರ ಭಾಷೆಯಲ್ಲಿ, ಅವರ ಬದುಕಿಗೆ ಹೊಂದುವ ಪ್ರಶ್ನೆ ಕೇಳಬೇಕು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಪೆನ್ಸಿಲ್ ಕೊಟ್ಟು ಘನಾಕೃತಿ ಬರೆಯಿರಿ ಎಂದರೆ ಅದು ಮೆದುಳಿನ ಪರೀಕ್ಷೆಯಾಗದೆ ಶಾಲೆಯ ಪರೀಕ್ಷೆಯಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಕಾರಣಕ್ಕಾಗಿಯೇ ಕನ್ನಡ, ತೆಲುಗು, ಮಲಯಾಳಂ, ಹಿಂದಿ, ಬಂಗಾಳಿ ಎಂಬ ಐದು ಭಾಷೆಗಳಲ್ಲಿ ಬುದ್ಧಿಸಾಮರ್ಥ್ಯ ಅಳೆಯುವ ಪರೀಕ್ಷೆಗಳ ಪೆಟ್ಟಿಗೆಯೊಂದನ್ನು ರೂಪಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸುವುದು ಅದರ ಗುರಿ. ಜಗತ್ತಿನ ಇಂಥ ಅಧ್ಯಯನಗಳೆಲ್ಲ ಬಹುತೇಕ ನಗರದ, ಓದಿದ, ಬಿಳಿಯ ಜನರ ಮೇಲೆ ನಡೆದಿರುವಾಗ, ರಾಗಿ ಮುದ್ದೆ ತಿಂದು ಹೊಲದಲ್ಲಿ ದುಡಿದ ಮೆದುಳು ಹೇಗೆ ಮುಪ್ಪಾಗುತ್ತದೆಂದು ಕೇಳುವ ಈ ಕೆಲಸದ ಬೆಲೆ ದೊಡ್ಡದು. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಪಾರ್ಶ್ವವಾಯು, ಡಿಮೆನ್ಷಿಯಾಗಳನ್ನು ಗುರುತಿಸುವ ತರಬೇತಿ ಕೊಡಲು ಹೊರಟಿತು.

ವಿಲ್ಲಿಸನ ರೋಗಿ ಮತ್ತು ಲೆನಿನ್ ನಡುವಿನ ವ್ಯತ್ಯಾಸಕ್ಕೆ ಇನ್ನೂ ಒಂದು ಉತ್ತರವುಂಟು. ಬದಲಿ ದಾರಿಗಳು ರಕ್ತನಾಳದಲ್ಲಷ್ಟೇ ಇರುವುದಿಲ್ಲ, ನರಜಾಲದಲ್ಲೂ ಇರುತ್ತವೆ. ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 608 ಮಂದಿ ಪಾರ್ಶ್ವವಾಯು ರೋಗಿಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ನಮ್ಮಂಥ ಬಹುಭಾಷಿಕರಿಗೆ ಸಂತಸದ್ದು. ಪಾರ್ಶ್ವವಾಯುವಿನ ನಂತರವೂ ಬುದ್ಧಿ ಮೊದಲಿನಂತೆ ಉಳಿದವರು ಒಂದೇ ಭಾಷೆ ಬಲ್ಲವರಲ್ಲಿ ಸುಮಾರು ಶೇ. 20, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40. ಮನೆಯಲ್ಲೊಂದು, ಸಂತೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಆಡುತ್ತಾ ಬದುಕುವ ಅಭ್ಯಾಸ ಮೆದುಳಿಗೆ ಹೆಚ್ಚುವರಿ ಬಲ ಕೊಡುತ್ತದೆಂದು ಸಂಶೋಧಕರು ಇದನ್ನು ಅರ್ಥೈಸುತ್ತಾರೆ. ಓದು, ಸಂಗೀತ, ಸಂಗ, ಹೊಸತನ್ನು ಕಲಿಯುವ ಹಂಬಲ ಕೂಡ ಇದೇ ಬಲವನ್ನು ಬೆಳೆಸುತ್ತವೆ.

2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ 14 ಅಪಾಯಕಾರಿ ಅಂಶಗಳನ್ನು ತೊಡೆದುಹಾಕಲು ಸಾಧ್ಯವಾದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಆ ಪಟ್ಟಿಯಲ್ಲಿ ಬಿಪಿ, ಶುಗರ್, ಕೊಲೆಸ್ಟರಾಲ್, ಧೂಮಪಾನ, ಬೊಜ್ಜು, ವ್ಯಾಯಾಮವಿಲ್ಲದಿರುವುದು ಎಲ್ಲವೂ ಇವೆ. ಈ ಆರೂ ಧಮನಿಯ ಶತ್ರುಗಳೇ.

ಓದುಗರಲ್ಲಿ ಮೂರು ಮಾತು ಕೇಳಿಕೊಳ್ಳುತ್ತೇನೆ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿ, ಹತ್ತೇ ನಿಮಿಷದಲ್ಲಿ ಸರಿಹೋದರೂ ಅದನ್ನು ಗಾಳಿ ಸೋಂಕೆಂದು ಬಿಡಬೇಡಿ. ಲಕ್ಷಣ ಶುರುವಾದ ಮೇಲೆ ಹೆಪ್ಪು ಕರಗಿಸುವ ಮದ್ದು ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಕೂಡಲೇ ಸ್ಟ್ರೋಕ್ ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಿ. ಮನೆಯ ಹಿರಿಯರ ಕೆಲಸ ನಿಧಾನವಾದರೆ, ಸರಣಿ ತಪ್ಪಿದರೆ, ಆಸಕ್ತಿ ಬತ್ತಿದರೆ ಬೈಯಬೇಡಿ, ವೈದ್ಯರಲ್ಲಿಗೆ ಕರೆದೊಯ್ದು ಹತ್ತು ನಿಮಿಷದ ಬುದ್ಧಿಪರೀಕ್ಷೆ ಮಾಡಿಸಿ. ನಿಮಗೆ ನಲವತ್ತೈದು ದಾಟಿದ್ದರೆ ಈ ವಾರವೇ ಬಿಪಿ ನೋಡಿಸಿಕೊಳ್ಳಿ, ಹೆಚ್ಚಿದ್ದರೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಎಪ್ಪತ್ತರಲ್ಲಿ ಬುದ್ಧಿ ಹೇಗಿರುತ್ತದೆಂಬುದು ಬಹುಮಟ್ಟಿಗೆ ನಲವತ್ತೈದರ ಧಮನಿಯಲ್ಲಿ ನಿರ್ಧಾರವಾಗುತ್ತದೆ.